ಕರ್ನಲ್ ಸಪೋರ್ಟು

ನಂದೀಶ ಶನಿವಾರ ಸಂಜೆ ಸುಮ್ಮನೆ ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ವೆಂಕಟರಾಯಪ್ಪನವರ ಮಗ್ಗದ ಶೆಡ್ಡಿನಲ್ಲಿ ಅವನು ಸೀರೆಗಳ ಡಿಸೈನರ್. ಶೆಡ್ಡಿನವರು ಅವನಿಗೆ ಕೊಟ್ಟಿದ್ದ ಲ್ಯಾಪ್‌ಟಾಪು ಎಷ್ಟು ಹಳೆಯದೆಂದರೆ, ಆನ್ ಮಾಡಿ ಹೋಗಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಆಕಳಿಸುತ್ತಲೇ ಇರುತ್ತಿತ್ತು. ಪಾಪ, ಇದಕ್ಕೊಂದು ಹೊಸ ಜೀವ ಕೊಡೋಣ ಎಂದು ಅವನು ಶನಿವಾರ ಹಳೆಯ ಸಿಸ್ಟಮ್ಮನ್ನು ಪೂರಾ ಅಳಿಸಿ ಹೊಸ ಲಿನಕ್ಸ್ ಹಾಕಿದ. ಲ್ಯಾಪ್‌ಟಾಪು ಹಗ್ಗ ಬಿಚ್ಚಿದ ಕರುವಿನ ಹಾಗೆ ಕುಣಿಯಿತು. ನಂದೀಶ ಶಿಳ್ಳೆ ಹೊಡೆಯುತ್ತಾ ಮನೆಗೆ ಹೋದ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಶಿಳ್ಳೆ ನಿಂತುಹೋಯಿತು.

ಆ ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಒಂದು ಗೂಡಿತ್ತು. ಅದರೊಳಗೆ ಎಟಿಎಂ ಕಾರ್ಡಿನಷ್ಟು ಅಗಲದ, ಬಿಸ್ಕತ್ತಿನಷ್ಟು ದಪ್ಪದ ಒಂದು ಕಾರ್ಡು ಕೂರುತ್ತಿತ್ತು. ನಂದೀಶ ಬರೆದ ಡಿಸೈನನ್ನು ಆ ಕಾರ್ಡಿಗೆ ತುಂಬಿ, ಕಾರ್ಡನ್ನು ಮಗ್ಗದ ಮೇಲಿನ ಪೆಟ್ಟಿಗೆಗೆ ಸಿಕ್ಕಿಸಿದರೆ ಮಾತ್ರ ಸೀರೆಯ ಮೇಲೆ ಹೂವೋ ನವಿಲೋ ಮೂಡುವುದು. ಆ ಪೆಟ್ಟಿಗೆಗೆ ಬೇರೆ ಯಾವ ಭಾಷೆಯೂ ಬಾರದು. ಅಂಥ ಕಾರ್ಡಿಗೆ ಬೇರೆ ಸಾಧನ ಕೊಡಿ ಎಂದು ಅಂಗಡಿಗಳಲ್ಲಿ ಕೇಳಿದರೆ, ಅವರು ಮ್ಯೂಸಿಯಮ್ಮಿನ ಕಡೆ ಕೈ ತೋರಿಸುತ್ತಿದ್ದರು.

ಆವತ್ತು ನಂದೀಶ ಕಾರ್ಡನ್ನು ಗೂಡಿಗೆ ತಳ್ಳಿದ. ಲ್ಯಾಪ್‌ಟಾಪು ಕಮಕ್ ಕಿಮಕ್ ಎನ್ನಲಿಲ್ಲ. ಹೊರಗೆಳೆದು, ಊದಿ, ಅಂಗಿಗೆ ಒರೆಸಿ ಮತ್ತೆ ತಳ್ಳಿದ. ಊಹೂಂ.

ಸಂಜೆ ಐದಕ್ಕೆ ನೆಲಮಂಗಲದ ಅಪ್ಪಯ್ಯಣ್ಣ ಬರುವವರಿದ್ದರು. ಅವರ ಮಗಳು ಅರ್ಪಿತಳ ಮದುವೆಗೆ ಮನೆಮಂದಿಗೆಲ್ಲ ಒಂದೇ ನವಿಲಿನ ಅಂಚಿನ ಮೂವತ್ತು ಸೀರೆ. ಮಗ್ಗದ ಮೇಲೆ ಒಂದು ಗೇಣು ಅಂಚು ಕಣ್ಣಾರೆ ನೋಡಿದರೆ ಒಪ್ಪಿಗೆ, ಇಲ್ಲದಿದ್ದರೆ ಪಕ್ಕದ ಬೀದಿಯ ಶೆಡ್ಡಿಗೆ. ಹಾಗೆಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗಿದ್ದರು. ಯಜಮಾನ ವೆಂಕಟರಾಯಪ್ಪನವರು ಜರಿ ತರಲು ಬೆಂಗಳೂರಿಗೆ ಹೋಗಿದ್ದರು.

ನಂದೀಶ ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬನಿಗೆ ಫೋನು ಮಾಡಿದ. ಮಗ್ಗಗಳ ಖಟಖಟದ ನಡುವೆ ಮಾತು ಕೇಳಿಸಬೇಕಾದರೆ ಕಿರುಚಲೇಬೇಕು.

“ಕರ್ನಲ್ ಸಪೋರ್ಟ್ ಇಲ್ಲ ಕಣೋ! ಕಾರ್ಡ್ ಕೊಟ್ರೂ ಗುರುತೇ ಹಿಡೀತಿಲ್ಲ! ಶನಿವಾರದ ತಂಕ ಸರಿಯಾಗೇ ಇತ್ತು! … ಏನು, ನಾನೇ ಕೂತು ಸರಿ ಮಾಡ್ಬೇಕಾ? … ಸಾಯಂಕಾಲದೊಳಗೆ ಕರ್ನಲ್ ಒಪ್ಲಿಲ್ಲ ಅಂದ್ರೆ ಮದುವೆ ಸೀರೆ ಕತೆ ಮುಗೀತು ಗುರು!”

ಕರ್ನಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ಯಜಮಾನಿಕೆ ಮಾಡುವ ಪ್ರೋಗ್ರಾಮು. ಯಾವ ಬಿಡಿಭಾಗ ಬಂದು ಕದ ತಟ್ಟಿದರೂ ಅದಕ್ಕೆ ಗುರುತಿದ್ದರೆ ಒಳಗೆ, ಗುರುತಿಲ್ಲದಿದ್ದರೆ ಬೀದಿಗೆ. ಇಂಥ ಮುದಿ ಗೂಡು ಈಗ ಯಾರ ಹತ್ತಿರ ಇದ್ದೀತು ಎಂದು ಹೊಸ ಕರ್ನಲ್ಲಿನವರು ಪಟ್ಟಿಯಲ್ಲಿ ಅದರ ಹೆಸರಿಗೆ ಒಪ್ಪಿಗೆಯ ಗುರುತನ್ನೇ ಹಾಕಿರಲಿಲ್ಲ. ನಂದೀಶ ಈಗ ಆ ಪಟ್ಟಿಯನ್ನು ತೆರೆದು, ಬೇಕಾದ್ದಕ್ಕೆ ಒಪ್ಪಿಗೆಯ ಗುರುತು ಹಾಕಿ, ಕರ್ನಲ್ಲನ್ನು ಬುಡದಿಂದ ಮತ್ತೆ ಕಟ್ಟಬೇಕಿತ್ತು.

ಇದೆಲ್ಲ ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಮುನಿತಾಯಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಕರ್ನಲ್ ಎಂದರೆ ಮಿಲಿಟರಿಯವರು, ಮೀಸೆ ಇರುವವರು. ಅವಳು ರಾಟೆ ನಿಲ್ಲಿಸಿ ಮಗ್ಗದ ಮೇಸ್ತ್ರಿ ಪಾಪಯ್ಯನ ಬಳಿ ಹೋದಳು.

“ಪಾಪಯ್ಯಣ್ಣ, ಯಾರೋ ಕರ್ನಲ್ಲಂತೆ. ನಮ್ ನಂದೀಶ ಕಾರ್ಡ್ ಕೊಟ್ರೆ ನೀನ್ಯಾರು ಅಂದ್ಬಿಟ್ರಂತೆ! ಸಾಯಂಕಾಲದೊಳಗೆ ಅವರು ಒಪ್ದಿದ್ರೆ ಮದುವೆ ಕತೆ ಮುಗೀತಂತೆ!”

ಪಾಪಯ್ಯ ಕಿವಿಯಲ್ಲಿದ್ದ ಬೀಡಿಯನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ. ಅವನು ಆಳವಾಗಿ ಯೋಚಿಸುವ ಕ್ರಮ ಅದು.

“ಕಾರ್ಡು ಅಂದ್ರೆ ಮದುವೆ ಕಾರ್ಡು ಕಣಮ್ಮಿ. ಅಪ್ಪಯ್ಯಣ್ಣನ ಕಡೆ ಯಾರೋ ಮಿಲಿಟರಿ ನೆಂಟ ಇರ್ಬೇಕು. ಸಂಬಂಧ ಇಷ್ಟ ಇಲ್ಲ. ಕಾರ್ಡೇ ಮುಟ್ಟಿಲ್ಲ. ಮದುವೆ ನಿಂತ್ರೆ ಮೂವತ್ತು ಸೀರೆ ಯಾರಿಗ್ ಉಡ್ಸೋದು?” ಎಂದವನೇ ಅವನು ಯಜಮಾನರಿಗೆ ಫೋನು ಹಚ್ಚಿದ.

ನಂದೀಶನಿಗೆ ಇದಾವುದೂ ತಿಳಿಯದು. ಅವನು ಪಟ್ಟಿಯಲ್ಲಿ ಮುಳುಗಿದ್ದ. ಎಂಥ ಪಟ್ಟಿ! ತಾಲ್ಲೂಕಿನ ವೋಟರ್ ಲಿಸ್ಟೇ ಅದಕ್ಕಿಂತ ಚಿಕ್ಕದು. ಅಂತೂ ‘ಕಾರ್ಡ್’ ಎಂದಿದ್ದ ಸಾಲು ಸಿಕ್ಕಿತು, ಗುರುತು ಹಾಕಿದ, ಕಟ್ಟು ಎಂದು ಆಜ್ಞೆ ಕೊಟ್ಟ. ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿಯತೊಡಗಿದವು. ಗಂಟೆ ಹತ್ತು. ಎರಡೂವರೆ ತಾಸಾದರೂ ಬೇಕು.

ಹನ್ನೆರಡೂಕಾಲಿಗೆ ಮುನಿತಾಯಮ್ಮ ಅವನ ತಲೆ ಸವರಿದಳು. “ಮುಖ ನೋಡು, ಒಣಗಿದ ಹೀರೆಕಾಯಿ ಆಗೈತೆ. ದೊಡ್ಡೋರು ಹಂಗೇ ಕಣಪ್ಪ, ಕಾರ್ಡ್ ಕೊಟ್ಟ ತಕ್ಷಣ ಗುರ್ತು ಹಿಡಿಯಲ್ಲ. ಒಂದ್ ಟೀ ಕುಡಿ.”

ಕಾರ್ಡಿನ ವಿಷಯ ಇವಳಿಗೂ ಅರ್ಥವಾಗಿದೆಯಲ್ಲ ಎಂದು ನಂದೀಶನ ಹೃದಯ ತುಂಬಿ ಬಂತು. “ಹೂಂ ಅಕ್ಕ” ಎಂದ. ಮುನಿತಾಯಮ್ಮ ಮೇಜಿನ ಕೆಳಗೆ ಬಗ್ಗಿ, ಅಲ್ಲಿದ್ದ ಒಂದೇ ಪ್ಲಗ್ಗನ್ನು ಕಿತ್ತು ಟೀ ಕೆಟಲಿನ ಪ್ಲಗ್ಗನ್ನು ಚುಚ್ಚಿದಳು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಇರುವೆ ಸಾಲು, ಪರದೆ, ಎರಡೂಕಾಲು ತಾಸಿನ ತಪಸ್ಸು, ಎಲ್ಲ ಒಂದೇ ಕ್ಷಣದಲ್ಲಿ ಕಪ್ಪಾದವು.

“ಅಯ್ಯೋ, ಕರೆಂಟ್ ಹೋಯ್ತಾ?” ಎಂದಳು ಮುನಿತಾಯಮ್ಮ. ಕೆಟಲು ಗೊರಗೊರ ಎನ್ನುತ್ತಿತ್ತು.

ನಂದೀಶ ಟೀ ಕುಡಿದ. ಬೇರೇನು ಮಾಡಲು ಸಾಧ್ಯ? ಕುಡಿದು, ಮೊದಲಿನಿಂದ ಶುರು ಮಾಡಿದ. ಈ ಸಲ ಪ್ಲಗ್ಗಿನ ಮೇಲೆ ಕಾಲಿಟ್ಟುಕೊಂಡು ಕೂತ.

ಎರಡು ಗಂಟೆಗೆ ಬೈರೇಶ ಬಂದ. ಬೈರೇಶ ಎಂದರೆ ಯಜಮಾನರ ಬಾಮೈದ. ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ. ಬಾಡಿಗೆ ಇಲ್ಲದಾಗ ಶೆಡ್ಡಿಗೆ ಬಂದು ಎಲ್ಲರಿಗೂ ಸಲಹೆ ಕೊಡುತ್ತಿದ್ದ. ಪಾಪಯ್ಯ ಅವನ ಕಿವಿ ಕಚ್ಚಿದ. ಬೈರೇಶ ಎದೆ ಉಬ್ಬಿಸಿಕೊಂಡು ನಂದೀಶನ ಮುಂದೆ ನಿಂತ.

“ಲೇ ನಂದೀಶ, ಕರ್ನಲ್ ಪ್ರಾಬ್ಲಮ್ಮಂತೆ? ನನಗ್ಯಾಕೋ ಹೇಳ್ಲಿಲ್ಲ?”

“ನಿನಗೆ ಕರ್ನಲ್ ಗೊತ್ತಾ ಅಣ್ಣ?”

“ಗೊತ್ತಾ ಅಂತೀಯಲ್ಲೋ! ತಿಂಗಳಿಗೆ ಎರಡು ಸಲ ನನ್ ಕಾರಲ್ಲೇ ಓಡಾಡ್ತಾರೆ!”

ನಂದೀಶ ಎವೆಯಿಕ್ಕದೆ ನೋಡಿದ. ಕಾರಿನಲ್ಲೂ ಈಗ ಕಂಪ್ಯೂಟರ್ ಇರುತ್ತದಲ್ಲ, ಅದನ್ನೇ ಹೇಳುತ್ತಿರಬೇಕು ಎಂದುಕೊಂಡ. “ಸರಿ ಅಣ್ಣ, ಏನಾದ್ರೂ ಮಾಡು” ಎಂದ. ಬೈರೇಶ ಕೀ ತಿರುಗಿಸುತ್ತಾ ಹೊರಟುಹೋದ.

ಮೂರೂಮುಕ್ಕಾಲಿಗೆ ಕರ್ನಲ್ ಕಟ್ಟಿ ಮುಗಿಯಿತು. ನಂದೀಶ ಮಾಕಳಿದುರ್ಗದ ಬೆಟ್ಟದ ದೇವರ ದಿಕ್ಕಿಗೆ ಒಮ್ಮೆ ಕೈ ಮುಗಿದು ಕಾರ್ಡನ್ನು ತಳ್ಳಿದ. ಲ್ಯಾಪ್‌ಟಾಪು ಮೌನ. ಮೊದಲಿಗಿಂತ ಗಾಢವಾದ ಮೌನ.

ಆಗಲೇ ಶೆಡ್ಡಿನ ಬಾಗಿಲಲ್ಲಿ ಗುಡುಗಿತು.

“ಯಾರ್ರೀ ನನ್ ಮಗಳ ಮದುವೆ ನಿಂತೋಯ್ತು ಅಂದಿದ್ದು?”

ಒಂದು ತಾಸು ಮುಂಚೆಯೇ ಬಂದ ಅಪ್ಪಯ್ಯಣ್ಣ, ಜೊತೆಗೆ ಮಗಳು ಅರ್ಪಿತ. ವೆಂಕಟರಾಯಪ್ಪನವರು ಬೆಂಗಳೂರಿನಿಂದ ಫೋನು ಮಾಡಿ, “ನಿಮ್ಮ ಕರ್ನಲ್ ನೆಂಟರು ಒಪ್ತಿಲ್ವಂತೆ, ಧೈರ್ಯ ತಗೊಳ್ಳಿ” ಎಂದು ಸಮಾಧಾನ ಹೇಳಿದ್ದರು. ಅಪ್ಪಯ್ಯಣ್ಣನ ಏಳು ತಲೆಮಾರಿನಲ್ಲಿ ಯಾರೂ ಕರ್ನಲ್ ಆಗಿರಲಿಲ್ಲ. ಗಂಡಿನ ಕಡೆ ಯಾರೋ ಇರಬಹುದು, ನನಗೆ ಮುಚ್ಚಿಟ್ಟಿದ್ದಾರೆ ಎಂದು ಅವರು ದಾರಿಯುದ್ದಕ್ಕೂ ಕುದಿಯುತ್ತಾ ಬಂದಿದ್ದರು.

“ನಂದೀಶಂಗೇ ಎಲ್ಲಾ ಗೊತ್ತು” ಎಂದ ಪಾಪಯ್ಯ, ಬೀಡಿಯ ಕಿವಿ ಬದಲಾಯಿಸುತ್ತಾ.

“ನಂಗಾ? ನಾನು ಕಾರ್ಡು…” ನಂದೀಶ ತೊದಲುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ದಡ್ ಎಂದಿತು. ಬೈರೇಶ ಓಡಿ ಬಂದು ಪಕ್ಕಕ್ಕೆ ಸರಿದು ನಿಂತ. ಅವನ ಹಿಂದೆ ಆರಡಿ ಎತ್ತರದ, ಬೆಳ್ಳಿ ಮೀಸೆಯ, ಚಕ್ಕೋತ ತೋಟದಿಂದ ಹಾಗೇ ಎಬ್ಬಿಸಿ ತಂದಂತೆ ಮಣ್ಣಿನ ಬೂಟು ಹಾಕಿದ್ದ ಒಬ್ಬರು ಒಳಬಂದರು. ದೇವನಹಳ್ಳಿ ಕಡೆಯ ನಿವೃತ್ತ ಕರ್ನಲ್ ಸಿದ್ದರಾಜು. ಬೈರೇಶನಿಗೆ ಪ್ರಪಂಚದಲ್ಲಿ ಗೊತ್ತಿದ್ದ ಕರ್ನಲ್ ಅವರೊಬ್ಬರೇ. ಆದ್ದರಿಂದ ಅವರೇ ಇರಬೇಕು.

“ಯಾರಯ್ಯಾ ನಂದೀಶ?” ಆ ದನಿಗೆ ಎರಡು ಮಗ್ಗ ತಾವಾಗಿಯೇ ನಿಂತವು. “ನಾನು ಯಾವಾಗ ನಿನಗೆ ಸಪೋರ್ಟ್ ಮಾಡಲ್ಲ ಅಂದೆ?”

“ನೀವೇನಾ ನನ್ ಮಗಳ ಮದುವೆ ಬೇಡ ಅಂದೋರು?” ಎಂದು ಅಪ್ಪಯ್ಯಣ್ಣ ಪಂಚೆ ಎತ್ತಿ ಕಟ್ಟಿದರು.

“ನಿಮ್ಮ ಮಗಳು ಯಾರ್ರೀ?”

“ನಾನು” ಎಂದಳು ಅರ್ಪಿತ, ಮೆಲ್ಲಗೆ ಕೈ ಎತ್ತಿ.

“ಸಂತೋಷ. ಮದುವೆ ಆಗಮ್ಮ. ನನ್ನದೇನೂ ಅಡ್ಡಿಯಿಲ್ಲ” ಎಂದರು ಕರ್ನಲ್.

“ನೋಡಿದ್ರಾ, ಒಪ್ಕೊಂಡ್ರು!” ಎಂದು ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಂದೀಶನಿಗೆ ಆಗ ಎಲ್ಲವೂ ಹೊಳೆಯಿತು. ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು, ಒಂದೇ ಉಸಿರಿನಲ್ಲಿ ಒದರಿದ. “ಸರ್, ಕರ್ನಲ್ ಅಂದ್ರೆ ನೀವಲ್ಲ ಸರ್. ಇದರೊಳಗೆ ಇರೋದು. ಲಿನಕ್ಸ್ ಕರ್ನಲ್. ಕಾರ್ಡ್ ಅಂದ್ರೆ ಇದು. ಇದನ್ನ ಅದು ಗುರ್ತು ಹಿಡೀತಿಲ್ಲ. ಅಷ್ಟೇ ಸರ್.”

ಕರ್ನಲ್ ಸಿದ್ದರಾಜು ಬೈರೇಶನನ್ನು ನೋಡಿದರು. ಬೈರೇಶ ಸೂರು ನೋಡಿದ. ನಂದೀಶ ಕಣ್ಣು ಮುಚ್ಚಿ ಏಟಿಗೆ ಕಾದ. ಏಟಿನ ಬದಲು ನಗು ಕೇಳಿಸಿತು. ಮೊದಲು ಮೀಸೆಯಲ್ಲಿ ಶುರುವಾದದ್ದು ಹೊಟ್ಟೆಗಿಳಿದು, ಅಲ್ಲಿಂದ ಶೆಡ್ಡಿನ ಶೀಟಿಗೆ ಬಡಿಯಿತು. ಅಪ್ಪಯ್ಯಣ್ಣನೂ ನಕ್ಕರು, ಅರ್ಪಿತಳಂತೂ ನೂಲಿನ ಬುಟ್ಟಿಯ ಮೇಲೆ ಕುಸಿದು ಕೂತು ನಕ್ಕಳು.

“ಕೊಡಯ್ಯಾ ಇಲ್ಲಿ” ಎಂದರು ಕರ್ನಲ್ ಕಣ್ಣೊರೆಸಿಕೊಳ್ಳುತ್ತಾ. “ಮೂವತ್ತು ವರ್ಷ ಮಿಲಿಟರಿಯ ಸಿಗ್ನಲ್ಸ್‌ನಲ್ಲಿ, ವೈರ್‌ಲೆಸ್ಸು ಕಂಪ್ಯೂಟರುಗಳ ಜೊತೆಗೇ ಇದ್ದೆ. ಇದಕ್ಕಿಂತ ಮುದಿ ಡಬ್ಬಗಳನ್ನ ಹಿಮದಲ್ಲಿ ಕೂತು ಎಬ್ಬಿಸಿದೀನಿ.”

ಅವರು ಕನ್ನಡಕ ಹಾಕಿಕೊಂಡು ಪಟ್ಟಿ ತೆರೆದರು. “ಯೆಂಟಾ… ಯೆಂಟಾ…” ಎಂದು ಗೊಣಗುತ್ತಾ ಬೆರಳಿಟ್ಟುಕೊಂಡು ಹುಡುಕಿದರು.

“ಎಂತ ಅಂದ್ರೆ ತೆಲುಗಲ್ಲಿ ಎಷ್ಟು ಅಂತ” ಎಂದು ಮುನಿತಾಯಮ್ಮ ಪಾಪಯ್ಯನಿಗೆ ಪಿಸುಗುಟ್ಟಿದಳು. “ರೇಟು ಕೇಳ್ತಾವ್ರೆ.”

“ಸಿಕ್ಕಿತು! ಇಲ್ಲಿ ನೋಡು ನಂದೀಶ. ನೀನು ಕಾರ್ಡಿಗೆ ಒಪ್ಪಿಗೆ ಕೊಟ್ಟಿದೀಯ. ಕಾರ್ಡ್ ಕೂರೋ ಗೂಡಿಗೆ ಕೊಟ್ಟಿಲ್ಲ. ಗೂಡನ್ನ ನಡೆಸೋ ಪ್ರೋಗ್ರಾಮು, ಅಂದ್ರೆ ಡ್ರೈವರ್, ಅದರ ಹೆಸರು ಯೆಂಟಾ. ನೆಂಟರನ್ನ ಕರೆದು ಮನೆ ಬೀಗ ತೆಗೀದೆ ಇದ್ದರೆ ಬಂದೋರು ಎಲ್ಲಿ ಕೂರ್ತಾರೆ? ಪೂರ್ತಿ ಕಟ್ಟೋದು ಬೇಡ. ಇದೊಂದನ್ನ ಬೇರೆ ತುಂಡಾಗಿ ಕಟ್ಟಿ ಸೇರಿಸಿದರೆ ಸಾಕು.”

ಹತ್ತು ನಿಮಿಷ. ನಂದೀಶ ಕಾರ್ಡನ್ನು ತಳ್ಳಿದ. ಲ್ಯಾಪ್‌ಟಾಪು ‘ಟುಂಯ್’ ಎಂದಿತು. ತಿಂಗಳ ಕೂಸು ಮೊದಲ ಸಲ ನಕ್ಕರೆ ಮನೆಯವರು ಹೇಗೆ ಕೂಗುತ್ತಾರೋ ಹಾಗೆ ಶೆಡ್ಡಿಗೆ ಶೆಡ್ಡೇ ಕೂಗಿತು.

ಡಿಸೈನು ಕಾರ್ಡಿಗೆ ಹೋಯಿತು, ಕಾರ್ಡು ಪೆಟ್ಟಿಗೆಗೆ ಹೋಯಿತು, ಪಾಪಯ್ಯ ಮಗ್ಗ ಓಡಿಸಿದ. ಮೆಂತ್ಯಸೊಪ್ಪಿನ ಹಸಿರಿನ ಮೇಲೆ ಜರಿಯ ನವಿಲು ಕೊಕ್ಕಿನಿಂದ ಶುರುವಾಗಿ ಗೆರೆಗೆರೆಯಾಗಿ ಮೈ ತುಂಬಿಕೊಂಡಿತು. ಅರ್ಪಿತ ಬೆರಳಿನಿಂದ ಅದರ ಕತ್ತು ಸವರಿ, “ಅಪ್ಪ, ಇದೇ” ಎಂದಳು. ಆ ಕತ್ತಿನ ಬಳುಕನ್ನು ಬರೆಯಲು ನಂದೀಶನಿಗೆ ನಾಲ್ಕು ದಿನ ಹಿಡಿದಿತ್ತು.

ಅಷ್ಟು ಹೊತ್ತಿಗೆ ವೆಂಕಟರಾಯಪ್ಪನವರು ಜರಿ ಪೆಟ್ಟಿಗೆಯೊಂದಿಗೆ ಬಂದಿಳಿದರು. ನಡೆದದ್ದನ್ನು ಐದು ಜನ ಐದು ಬಗೆಯಲ್ಲಿ ಒಟ್ಟಿಗೇ ಹೇಳಿದರು. ಅವರಿಗೆ ತಿಳಿದದ್ದು ಎರಡೇ ಸಂಗತಿ.

“ಲ್ಯಾಪ್‌ಟಾಪ್ ಕೆಡಿಸಿದ್ದು ಯಾರು?”

“ನಾನೇ” ಎಂದ ನಂದೀಶ.

“ಕರ್ನಲ್ ಸಾಹೇಬ್ರನ್ನ ಕರ್ಕೊಂಡು ಬಂದಿದ್ದು?”

“ನಾನೇ ಭಾವ!” ಎಂದ ಬೈರೇಶ.

ಯಜಮಾನರು ಅಲ್ಲೇ ತೀರ್ಪು ಕೊಟ್ಟರು. “ನಾಳೆಯಿಂದ ಕಂಪ್ಯೂಟರ್ ಸೆಕ್ಷನ್ನಿಗೆ ಬೈರೇಶನೇ ಇನ್‌ಚಾರ್ಜು. ನಂದೀಶ, ಏನೇ ಮಾಡೋದಿದ್ರೂ ಇವನನ್ನ ಕೇಳಿ ಮಾಡು.”

ಕಂಪ್ಯೂಟರ್ ಸೆಕ್ಷನ್ ಎಂದರೆ ಒಂದು ಲ್ಯಾಪ್‌ಟಾಪು, ಒಂದು ಕುರ್ಚಿ ಮತ್ತು ನಂದೀಶ. ಕರ್ನಲ್ ಏನೋ ಹೇಳಲು ಬಾಯಿ ತೆರೆದರು. ಆದರೆ ಅಪ್ಪಯ್ಯಣ್ಣ ಅವರ ಕೈ ಹಿಡಿದು, ಮದುವೆಗೆ ಬರಲೇಬೇಕು, ಈಗ ತೋಟದವರೆಗೆ ನಾನೇ ಬಿಡುತ್ತೇನೆ ಎಂದು ಎಳೆದುಕೊಂಡು ಹೊರಟರು. ಉಳಿದ ಸೆರಗಿನ ಡಿಸೈನು ನಾಳೆ ಬೆಳಗ್ಗೆ ಮಗ್ಗಕ್ಕೆ ಏರಬೇಕು ಎಂದು ಕಾರಿನ ಕಿಟಕಿಯಿಂದಲೇ ಕೂಗಿದರು. ಯಜಮಾನರು, ಪಾಪಯ್ಯ, ಮುನಿತಾಯಮ್ಮ, ನಂದೀಶ ಎಲ್ಲ ಬೀದಿಯ ತಿರುವಿನವರೆಗೆ ಹೋಗಿ ಕೈ ಬೀಸಿದರು.

ನಂದೀಶನಿಗೆ ಆ ತೀರ್ಪು ಹಿಡಿಸಿರಲಿಲ್ಲ, ಆದರೆ ನವಿಲು ಕಣ್ಣ ಮುಂದೆಯೇ ಇತ್ತು. ಇನ್‌ಚಾರ್ಜ್ ಯಾರಾದರೇನು, ಕಾರ್ಡ್ ಓದುತ್ತದಲ್ಲ ಎಂದುಕೊಂಡು ಮತ್ತೆ ಶಿಳ್ಳೆ ಹಾಕುತ್ತಾ ಒಳಬಂದ.

ಬೈರೇಶ ಅವನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ಬಾರೋ ನಂದೀಶ. ಇನ್‌ಚಾರ್ಜ್ ಆಗಿ ಕಾಲು ಗಂಟೆ ಆಗಿಲ್ಲ, ಆಗ್ಲೇ ಒಂದು ಕೆಲ್ಸ ಮುಗ್ಸಿವ್ನಿ.”

“ಏನು ಕೆಲ್ಸ ಅಣ್ಣ?”

“ಸ್ಕ್ರೀನ್ ಮೇಲೆ ಒಂದು ಚೀಟಿ ಬಂತು ಕಣೋ. ಹೊಸಾ ಕರ್ನಲ್ ಬಂದವ್ರೆ, ಒಳಗೆ ಬಿಡ್ಲಾ ಅಂತ ಕೇಳ್ತು. ಅಷ್ಟು ದೊಡ್ಡ ಮನುಷ್ಯರ್ನ ಬಾಗ್ಲಲ್ಲಿ ನಿಲ್ಸೋಕಾಯ್ತದಾ? ಎಸ್ ಅಂತ ಒತ್ತಿದೆ. ಆಮೇಲೆ, ಜಾಗ ಸಾಲ್ತಿಲ್ಲ, ಹಳೇ ಕರ್ನಲ್ನ ತೆಗ್ದುಬಿಡ್ಲಾ ಅಂತು.” ಬೈರೇಶ ಜವಾಬ್ದಾರಿಯುತವಾಗಿ ತಲೆಯಾಡಿಸಿದ. “ಸಾಹೇಬ್ರು ಹೆಂಗೂ ಹೊರಟೋದ್ರಲ್ಲ. ಅದಕ್ಕೂ ಎಸ್ ಅಂದೆ.”

ನಂದೀಶ ಮಗ್ಗದ ಪೆಟ್ಟಿಗೆಯಿಂದ ಕಾರ್ಡನ್ನು ಕಿತ್ತು ತಂದು ಗೂಡಿಗೆ ತಳ್ಳಿದ. ಲ್ಯಾಪ್‌ಟಾಪು ಅದನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲವೆಂಬಂತೆ ತಣ್ಣಗೆ ಕೂತಿತ್ತು.