ಬಾಟಿಗಿಂತ ಮೇಲಿನ ಮನೆಮಗಳು

ನಮ್ಮ ದೊಡ್ಡಪ್ಪ ಹೇಳಿದ್ದನ್ನು ಎದುರಾಡದೆ ಮಾಡುವುದು ಅವರ ಮನೆಯಲ್ಲಿ ಒಂದೇ ಒಂದು; ಅದೂ ಮನುಷ್ಯನಲ್ಲ, ಬಾಟು!

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಬಸ್ಸುಗಳನ್ನೆಲ್ಲ ಗದರಿ ಹೊರಡಿಸಿದ ಬಾಯಿ ಕಾಮಗೆರೆಯ ಮನೆ ಜಗಲಿಯಲ್ಲಿ ಸುಮ್ಮನಿದ್ದೀತೇ? ನನ್ನ ಕೈಲಿ ನೆಂಟರೆಲ್ಲ ಫೋನಿನಲ್ಲೇ ಸೇರಿ ಹರಟಲು ಒಂದು ಚಾಟ್ ಸರ್ವರ್ ಮಾಡಿಸಿದರು. ಅದನ್ನು ಕಾಯಲು ಈ ಬಾಟು, ಕೊಟ್ಟ ಅಪ್ಪಣೆಯನ್ನು ತಾನೇ ನಡೆಸುವ ಪ್ರೋಗ್ರಾಂ. ಯಾರು ಸರ್ವರಿನ ಯಾವ ಕೋಣೆಯಲ್ಲಿ ಮಾತಾಡಬಹುದು ಎಂಬುದು ಅವರಿಗೆ ಕೊಟ್ಟ ದರ್ಜೆಯ, ಅಂದರೆ ರೋಲಿನ ಮೇಲೆ. ಅಳಿಯಂದಿರಿಗೊಂದು ರೋಲು, ಬೀಗರಿಗೊಂದು. ಮದುವೆಯಲ್ಲಿ ಎರಡನೇ ಹೋಳಿಗೆ ಬಡಿಸಲಿಲ್ಲವೆಂದು ಎದ್ದುಹೋದ ಚಿಕ್ಕಪ್ಪನಿಗೆ ‘ಮುನಿಸು’ ಎಂಬ ರೋಲು!

“ಓಳ್ಗೆ ತಿಂದ್ಮೇಲೆ ತಗ್ದಾಕ್ತೀನಿ ಬುಡು” ಎಂದರು ದೊಡ್ಡಪ್ಪ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಿಂಗಳಿಡೀ ಏನೂ ಬರೆಯದವರನ್ನು ಆಚೆ ಹಾಕು ಎಂದು ಬಾಟಿಗೆ ಅಪ್ಪಣೆಯಾಯಿತು. ನಾನು ಬೇಡವೆಂದೆ.

“ಸೀಟ್ ಇಡ್ಕಂಡು ನಿದ್ದೆ ಒಡೆಯೋರ್ಗೆ ಬಸ್ಸಲ್ಲಿ ಜಾಗ ಯಾಕ್ಲಾ?”

ಬಾಟು ಮೊದಲು ಆಚೆ ಹಾಕಿದ್ದು ಯಾರನ್ನು ಗೊತ್ತೇ? ದೊಡ್ಡಪ್ಪನ ಒಡಹುಟ್ಟಿದ ತಂಗಿ, ಕೌದಳ್ಳಿಯ ನಮ್ಮ ಅತ್ತೆಯನ್ನು! ಅತ್ತೆ ಏನೂ ಬರೆಯುತ್ತಿರಲಿಲ್ಲ. ಎಲ್ಲರ ಮಾತು ಓದಿಕೊಂಡು ಒಬ್ಬರೇ ನಗುತ್ತಾ ಕೂರುವ ಜೀವ. ನನಗೆ ಫೋನ್ ಮಾಡಿದರು: “ತವರಿಂದ್ಲೇ ಆಚ್ಗಾಕ್‌ಬುಟ್ರಲ್ಲ ಮಗ, ನಾನೇನ್ ತಪ್ ಮಾಡ್ದೆ?”

ದೊಡ್ಡಪ್ಪ ಮತ್ತೆ ಒಳಗೆ ಬರುವ ಲಿಂಕ್ ಕಳಿಸಿದರು. ಅತ್ತೆ ಒತ್ತಲಿಲ್ಲ. ಫೋನ್ ಎತ್ತಲಿಲ್ಲ. ದೊಡ್ಡಪ್ಪನಿಗೆ ಊಟ ಸೇರದಾಯಿತು. ಬಾಟಿಗೆ ಬಾಯಿಗೆ ಬಂದಂತೆ ಬೈದರು. ಅಪ್ಪಣೆ ಕೊಟ್ಟವರು ಯಾರು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಕೊನೆಗೆ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯಲು ಹೋಗುವಂತೆಯೇ ಸೀರೆ, ಅರಿಸಿನ ಕುಂಕುಮ, ಬಾಳೆಹಣ್ಣು ಹಿಡಿದು ನನ್ನ ಜೊತೆ ಕೌದಳ್ಳಿ ಬಸ್ಸು ಹತ್ತಿದರು. ಅತ್ತೆ ಬಾಗಿಲಲ್ಲೇ ನಿಂತರು.

“ನಿನ್ ಬಾಟ್‌ನ ಕೇಳ್ಕಂಡು ಬಂದ್ಯಾ ಅಣ್ಣ?”

ದೊಡ್ಡಪ್ಪ ನಗಲಿಲ್ಲ. ಫೋನ್ ತೆಗೆದು ತೋರಿಸಿದರು. ರೋಲುಗಳ ಸಾಲಿನಲ್ಲಿ ಬಾಟಿಗಿಂತ ಮೇಲೆ ಹೊಸದೊಂದು ಕೂತಿತ್ತು: ‘ಮನೆಮಗಳು’. ತನಗಿಂತ ಮೇಲಿರುವವರನ್ನು ಬಾಟು ಆಚೆ ಹಾಕಲಾರದು.

“ಇನ್ ಅದು ನಿನ್ ಮುಟ್ಟಕಾಗಲ್ಲ ಕಣವ್ವ. ನೀನ್ ಒಂದ್ ಮಾತೂ ಆಡ್ಬೇಡ. ಸುಮ್ಕಿರು. ಇದ್ರೆ ಸಾಕು.” ಹೇಳುತ್ತಲೇ ಸೀರೆ ಮುಂದೆ ಹಿಡಿದರು.

ಅತ್ತೆ ಸೀರೆಯನ್ನು ಮಡಿಲಿಗೆ ತೆಗೆದುಕೊಂಡು, ಅಲ್ಲೇ ಲಿಂಕ್ ಒತ್ತಿದರು. ನಮಗೆ ಉಣ್ಣಲಿಕ್ಕಿ ಕಳಿಸಿದರು.

ಬಸ್ಸು ಹನೂರು ದಾಟುವಾಗ ಸರ್ವರಿನಲ್ಲಿ ಅತ್ತೆಯ ಮೊಟ್ಟಮೊದಲ ಸಾಲು ಬಂತು: “ಮನೆ ಸೇರ್ದ್ಯಾ ಅಣ್ಣ?”

ದೊಡ್ಡಪ್ಪ ಏನೂ ಬರೆಯಲಿಲ್ಲ. ಅದನ್ನೇ ಮತ್ತೆ ಮತ್ತೆ ಓದಿಕೊಂಡು, ಒಬ್ಬರೇ ನಗುತ್ತಾ ಕೂತರು.