ಚಿಕ್ಕಮ್ಮ ಹತ್ತಿದರೆ ನಿಲ್ಲುವ ಲಾರಿ

ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ. ನಿನ್ನೆ ಊಟಕ್ಕೆ ಹುಳಿ ಇತ್ತೋ ಸಾರು ಇತ್ತೋ ಎಂದು ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವವನು ನಾನು. ಅದಕ್ಕೇ ಮೈಸೂರಿನಲ್ಲಿ ಬಿ.ಎ. ಓದುವಾಗಲೇ ದಿನಚರಿ ಬರೆಯುವ ಚಟ ಅಂಟಿಸಿಕೊಂಡೆ. ನೆನಪು ಸುಳ್ಳು ಹೇಳಬಹುದು, ಬರೆದದ್ದು ಹೇಳಲಾರದು ಎಂಬುದು ಆಗಿನ ನನ್ನ ಸಿದ್ಧಾಂತ. ಬರೆಯುವಾಗ ಪೆನ್ನು ಹಿಡಿದವನೂ ಅದೇ ಮರೆವಿನ ಮನುಷ್ಯನೇ ಎಂಬುದು ಹೊಳೆಯಲು ಒಂದು ಲಾರಿ ಬೇಕಾಯಿತು.

ಲಾರಿ ಎಂದರೆ ದೊಡ್ಡದಲ್ಲ. ಮುಂದೆ ಮೂವರು ಒತ್ತಿಕೊಂಡು ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರಲು ಬಾಯಿ ತೆರೆದ ಹಲಗೆಯ ಪೆಟ್ಟಿಗೆ. ಹೊನ್ನಾಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ನಮ್ಮಣ್ಣ ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ಅದನ್ನು ಯಾರಿಂದಲೋ ಕೊಂಡಿದ್ದ. ಬಯಲಿನಲ್ಲಿ ಅದು ಸಾಧುಪ್ರಾಣಿ. ಏರು ಬಂತೋ, ಎರಡು ಸಲ ಬಿಕ್ಕಿ, ಒಂದು ಸಲ ಕೆಮ್ಮಿ, ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಹ್ಯಾಂಡಲ್ ತಿರುವಿದರೆ ಏನೂ ಆಗದವರ ಹಾಗೆ ಹೊರಡುತ್ತಿತ್ತು. ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದರು ಕೆಲವರು, ಶೋಧಿಸಿ ಹಾಕಿದೆವು. ಪ್ಲಗ್ಗಿಗೆ ಮಸಿ ಹಿಡಿದಿದೆ ಎಂದರು, ಕೆರೆದೆವು. ಒಬ್ಬರು ದೃಷ್ಟಿಯಾಗಿದೆ ಎಂದರು. ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿಯೂ ತೂಗಿತು. ನಿಲ್ಲುವುದು ನಿಲ್ಲಲಿಲ್ಲ.

ಕೊನೆಗೆ ಡ್ರೈವರ್ ಇಮಾಂ ಸಾಬರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ತಪ್ಪು ತಿಳೀಬ್ಯಾಡ್ರಿ. ಗಂಗಮ್ಮನೋರು ಹತ್ತಿದಾಗ್ಲೇ ಇದು ನಿಲ್ಲಾಕೆ ಹತ್ತೈತೆ" ಎಂದರು.

ಗಂಗಮ್ಮ ನನ್ನ ಚಿಕ್ಕಮ್ಮ. ನ್ಯಾಮತಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬದುಕುತ್ತಿದ್ದಳು. ಚಿಕ್ಕಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಂಥ ಹೆಂಗಸಿನ ಮೇಲೆ ಇಂಥ ಮಾತು ಹೊರಿಸಲು ಯಾರಿಗೂ ಹೆಚ್ಚು ಯೋಚನೆ ಬೇಕಿರಲಿಲ್ಲ. ನಾನು ನಕ್ಕೆ. ಹೊನ್ನಾಳಿಯ ಶಾಲೆಯಲ್ಲಿ ಮಕ್ಕಳಿಗೆ ಗ್ರಹಣಕ್ಕೆ ರಾಹುವಲ್ಲ, ನೆರಳು ಕಾರಣ ಎಂದು ಹೇಳಿಕೊಡುವ ಮೇಷ್ಟ್ರು ನಾನು. ನಕ್ಕು ಮನೆಗೆ ಬಂದವನು ದಿನಚರಿಯ ಹಿಂಬದಿಯಲ್ಲಿ ಹೊಸ ಪುಟ ತೆರೆದೆ. ನಂಬಿಕೆಯಿಂದಲ್ಲ, ವೈಜ್ಞಾನಿಕ ಪರೀಕ್ಷೆಗಾಗಿ. ಎರಡು ತಿಂಗಳಲ್ಲಿ ನಾಲ್ಕು ಸಲ ನಿಂತದ್ದು ಬರೆದೆ. ನಾಲ್ಕು ಸಲವೂ ಒಳಗೆ ಚಿಕ್ಕಮ್ಮ. ಆ ಪುಟ ನೋಡಿ ನನ್ನ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ. ಹೆದರಿಕೆಗಲ್ಲ, ನಾಚಿಕೆಯ ಮಾತು, ಹಿಗ್ಗಿಗೆ. ನಾನು ಏನನ್ನೋ ಕಂಡುಹಿಡಿದಿದ್ದೆ.

ಅಷ್ಟರಲ್ಲಿ ಜಗಳೂರಿನಿಂದ ಸುದ್ದಿ ಬಂತು. ಚಿಕ್ಕಮ್ಮನ ಒಬ್ಬಳೇ ಮಗಳು ಪಾರ್ವತಿಗೆ ಚೊಚ್ಚಲ ಹೆರಿಗೆ. ತವರಿಗೆ ಬರಬೇಕಾದವಳು ಕಾಲು ಊದಿ ಮಲಗಿದ್ದಾಳೆ, ಪ್ರಯಾಣ ಮಾಡಿಸಬೇಡಿ ಎಂದು ಸೂಲಗಿತ್ತಿ ಹೇಳಿದ್ದಾಳೆ, ತಾಯಿಯೇ ಬೇಗ ಬರಲಿ ಎಂದು. ಅಣ್ಣ ಗಲ್ಲ ಕೆರೆದುಕೊಂಡ. "ಸಾಮಾನು ಲಾರೀಲಿ ಹೋಗ್ಲಿ. ಚಿಕ್ಕಮ್ಮನ್ನ ಎತ್ತಿನ ಗಾಡೀಲಿ ಕಳ್ಸಾಣ" ಎಂದ. ಗಾಡಿ ಜಗಳೂರು ಮುಟ್ಟುವಷ್ಟರಲ್ಲಿ ಮಗು ಹುಟ್ಟಿ ನಾಮಕರಣಕ್ಕೆ ಬಂದಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮ ತೊಟ್ಟಿಲು, ಎರಡು ಮೂಟೆ ಅಕ್ಕಿ, ಬೆಲ್ಲ, ತುಪ್ಪದ ಡಬ್ಬ, ಒಂದು ಒರಳುಕಲ್ಲು ಎಲ್ಲ ಹೇರಿಸಿ, ತಾನೇ ಹೋಗಿ ಮುಂದೆ ಕೂತಳು. "ನಿಂತ್ರೆ ಇಳಿದು ನಡ್ಕೊಂಡು ಹೋಗ್ತೀನಿ. ನಿಮ್ಮ ಲಾರಿ ನಿಮಗೇ ಇರ್ಲಿ" ಎಂದಳು. ಜೊತೆಗೆ ಮನೆಯ ಗಂಡಸರೊಬ್ಬರಿರಲಿ ಎಂದು ನಾನೂ ಹೊರಟೆ. ದಿನಚರಿ ಬಗಲಲ್ಲೇ ಇತ್ತು.

ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿದೆವು. ಮಟಮಟ ಮಧ್ಯಾಹ್ನ, ಮುಂದೆ ಒಂದು ಏರು. ಬಿಕ್ಕಿತು, ಬಿಕ್ಕಿತು, ಕೆಮ್ಮಿತು, ನಿಂತಿತು. ಇಮಾಂ ಸಾಬರು ನನ್ನ ಮುಖ ನೋಡಿದರು. ನಾನು ದಿನಚರಿ ತೆರೆದು 'ಐದನೆಯ ಸಲ' ಎಂದು ಬರೆದೆ. ಚಿಕ್ಕಮ್ಮ ಇಳಿದು ಗಂಟು ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ನಡೆದೇಬಿಟ್ಟಳು. "ನಾ ಇಳಿದೀನಲ್ಲ, ಇನ್ನ ಹೊರಡ್ಸಿ ನೋಡಾಣ" ಎಂದು ತಿರುಗಿಯೂ ನೋಡದೆ ಹೇಳಿದಳು.

ಸ್ವಲ್ಪ ಹೊತ್ತು ಬಿಟ್ಟು ಇಮಾಂ ಸಾಬರು ಹ್ಯಾಂಡಲ್ ತಿರುವಿದರು. ಲಾರಿ ಹೊರಟಿತು. ಸಾಬರು ಅಲ್ಲಾನನ್ನು ನೆನೆದರು, ನಾನು ಪೆನ್ನಿನ ಮುಚ್ಚಳ ತೆಗೆದೆ. ಇಪ್ಪತ್ತು ಗಜ ಹೋಗಿ, ಚಿಕ್ಕಮ್ಮ ಒಳಗಿಲ್ಲದೆಯೇ, ಅದು ಮತ್ತೆ ಸತ್ತಿತು.

ಆಮೇಲೆ ಸಾಬರು ನಿಧಾನವಾಗಿ, "ಮೇಷ್ಟ್ರೇ, ಉಬ್ರಾಣಿ ಏರಿನಾಗೂ ನಿಂತಿತ್ತಲ್ಲ, ಬೆಲ್ಲ ಹೇರಿದ್ದಾಗ?" ಎಂದರು. ನಿಂತಿತ್ತು. ಚನ್ನಗಿರಿಯಿಂದ ಬರುವಾಗ ಉಪ್ಪಿನ ಮೂಟೆಗಳ ಸಮೇತವೂ ನಿಂತಿತ್ತು. ಆಗೆಲ್ಲ ಚಿಕ್ಕಮ್ಮ ಇರಲಿಲ್ಲ. ಆದ್ದರಿಂದ ನಾನು ಬರೆದಿರಲಿಲ್ಲ. ಅವಳು ಕೂತೂ ನಿಲ್ಲದ ದಿನಗಳು ಎಷ್ಟೋ, ಅವೂ ಪುಟದಲ್ಲಿರಲಿಲ್ಲ. ನಿಲ್ಲುತ್ತಿದ್ದದ್ದು ಭಾರ ಹೇರಿ ಏರು ಹತ್ತುವಾಗ. ಚಿಕ್ಕಮ್ಮ ಬರಿಗೈಲಿ ಲಾರಿ ಹತ್ತಿದವಳೇ ಅಲ್ಲ.

ನನಗೆ ಒಮ್ಮೆಲೇ ಹುರುಪು ಬಂದುಬಿಟ್ಟಿತು. ಬಾನೆಟ್ಟು ಎತ್ತಿದೆವು. ಟ್ಯಾಂಕಿಗೆ ಕಡ್ಡಿ ಬಿಟ್ಟರೆ ಅರ್ಧಕ್ಕೂ ಮೇಲೆ ಪೆಟ್ರೋಲು. ಕಾರ್ಬುರೇಟರಿಗೆ ಹೋಗುವ ಕೊಳವೆ ಬಿಚ್ಚಿ, ಸಾಬರು ಹ್ಯಾಂಡಲ್ ತಿರುವಿದರು. ನಾನು ಕೊಳವೆಯ ಬಾಯಿಗೆ ಲೋಟ ಹಿಡಿದೆ. ಚಿಮ್ಮಬೇಕಾದ ಪೆಟ್ರೋಲು ತೊಟತೊಟ ತೊಟ್ಟಿಕ್ಕಿತು. ಅಷ್ಟರಲ್ಲಿ ಚಿಕ್ಕಮ್ಮ ವಾಪಸು ಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ಇದು ಬತ್ತಿದ ಎಮ್ಮೆ ಕಣಪ್ಪ. ಹೊಟ್ಟೆ ತುಂಬಾ ಮೇವೈತೆ, ಕೆಚ್ಚಲು ಕೊಡಾಕಿಲ್ಲ ಅಂತೈತೆ" ಎಂದಳು.

ಪಂಪು. ಟ್ಯಾಂಕಿನಿಂದ ಪೆಟ್ರೋಲು ಸೆಳೆದು ಎಂಜಿನ್ನಿಗೆ ಒತ್ತುವ, ಹಿಡಿಯಷ್ಟಿರುವ ಪಂಪು. ಬಿಚ್ಚಿದರೆ ಒಳಗೆ ಕಮ್ಮಾರನ ತಿದಿಯಂತೆ ಮೇಲೆ ಕೆಳಗೆ ಆಡುವ ಪದರ ಬಿರಿದು ಹರಿದಿತ್ತು. ಬಯಲಿನಲ್ಲಿ ಅದು ಒತ್ತಿದಷ್ಟು ಪೆಟ್ರೋಲು ಸಾಕು, ಭಾರ ಹೊತ್ತು ಏರುವಾಗ ಸಾಲದು. ಸಾಬರು ಆಯಿಲ್ ಕಡ್ಡಿ ಎಳೆದು ಮೂಸಿ ನನ್ನ ಮೂಗಿಗೂ ಹಿಡಿದರು. ಪೆಟ್ರೋಲಿನ ವಾಸನೆ. ಹರಿದ ಕಡೆಯಿಂದ ಸೋರಿ ಕೆಳಗಿನ ಆಯಿಲ್ಲಿಗೆ ಬೆರೆತು, ಅದರ ಮಟ್ಟ ಇಳಿಯದಂತೆ ನೋಡಿಕೊಂಡಿತ್ತು. "ಆಯಿಲ್ ಒಂದಿಷ್ಟೂ ಕಮ್ಮಿ ಆಗಿಲ್ಲ, ಎಂಜಿನ್ ಬಾಳ ಚಲೋ ಐತೆ ಅಂತ ಬರ್ಕೊಂಡಿದ್ರಲ್ಲ ಮೇಷ್ಟ್ರೇ" ಎಂದರು ಸಾಬರು. ಬರೆದುಕೊಂಡಿದ್ದೆ. ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಆ ದಾರಿಯಲ್ಲಿ ಹೊಸ ಪಂಪು ಎಲ್ಲಿಂದ ತರುವುದು? ಪಾರ್ವತಿ ಕಾಯುತ್ತಿದ್ದಳು. ಉಪಾಯ ಸಾಬರದು. ಪೆಟ್ರೋಲು ಮೇಲಿನಿಂದ ತಾನಾಗಿ ಇಳಿದರೆ ಪಂಪಿನ ಹಂಗೇಕೆ? ತಳದಲ್ಲಿ ತೂತು ಮಾಡಿದ ಒಂದು ಡಬ್ಬ, ಅದಕ್ಕೊಂದು ರಬ್ಬರ್ ಕೊಳವೆ, ಅದರ ತುದಿ ಕಾರ್ಬುರೇಟರಿಗೆ. ಡಬ್ಬವನ್ನು ಯಾರಾದರೂ ಎತ್ತಿ ಹಿಡಿದುಕೊಂಡಿರಬೇಕು. ಸಾಬರು ಲಾರಿ ನಡೆಸಬೇಕು. ಚಿಕ್ಕಮ್ಮ ಆಗಲೇ ಒಳಗೆ ಕೂತಾಗಿತ್ತು. ಉಳಿದವನು ಬಿ.ಎ.

ಮುಂದಿನ ಚಕ್ರದ ಮೇಲಿನ ಮಡ್ಗಾರ್ಡಿನಲ್ಲಿ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ದೀಪದ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಬ ಎತ್ತಿಕೊಂಡು ನಾನು ಜಗಳೂರಿಗೆ ಸವಾರಿ ಹೋದೆ. ಪ್ರತಿ ಕುಳಿಗೂ ಪೆಟ್ರೋಲು ತುಳುಕಿ ತೋಳಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಎದುರಿಗೆ ಬಂದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಏನ್ರೀ ಅದು, ಮುಂದೆ ಕುಂತಿರಾದು?" ಎಂದು ಕೂಗಿದ. ಒಳಗಿನಿಂದ ಚಿಕ್ಕಮ್ಮ, "ಪಂಪು ಕಣಪ್ಪ, ಹೊಸಾದು" ಎಂದಳು. ಲಾರಿ ಒಂದು ಏರಿನಲ್ಲೂ ಬಿಕ್ಕಲಿಲ್ಲ. ತೋಳು ಕಿತ್ತುಹೋಗುವಂತಿದ್ದರೂ ಬದುಕಿನಲ್ಲಿ ಅಷ್ಟು ಉಪಯುಕ್ತನಾಗಿ ನಾನು ಬೇರೆಂದೂ ಇದ್ದ ನೆನಪಿಲ್ಲ.

ಮನೆ ಮುಟ್ಟಿದಾಗ ಪಾರ್ವತಿಗೆ ನೋವು ಶುರುವಾಗಿತ್ತು. ಲಾರಿ ಪೂರ್ತಿ ನಿಲ್ಲುವ ಮುಂಚೆಯೇ ಚಿಕ್ಕಮ್ಮ ಇಳಿದು ಒಳಗೆ ಓಡಿದಳು. ನಾನು ಜಗಲಿಯಲ್ಲಿ ಕೂತು ಬರೆದೆ: 'ನಾನು ಮೊದಲೇ ಶಂಕಿಸಿದ್ದಂತೆ, ದೋಷ ಪಂಪಿನದು.' ಒಂದು ಕ್ಷಣ ಅದನ್ನು ನಂಬಿಯೂ ಬಿಟ್ಟೆ. ಹೊಡೆದುಹಾಕಬೇಕೆಂದು ಪೆನ್ನು ಎತ್ತುವಷ್ಟರಲ್ಲಿ ಒಳಗೆ ಮಗು ಅತ್ತಿತು.

ಎದ್ದು ಬಾಗಿಲಿಗೆ ಓಡಿದೆ. ಚಿಕ್ಕಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಡ್ಡ ನಿಂತಳು. "ಹೆಣ್ಣು ಮಗ. ತಾಯಿನೂ ಚೆನ್ನಾಗವ್ಳೆ. ನೀ ಒಳಕ್ಕೆ ಬರಬ್ಯಾಡ, ಅಲ್ಲೇ ಇರು. ಪೆಟ್ರೋಲು ನಾರ್ತಿದ್ದೀ, ಕೂಸಿಗೆ ಆಗಾಕಿಲ್ಲ."

ನಾನು ತೋಳನ್ನು ಮೂಸಿ ನೋಡಿಕೊಂಡೆ. ಈ ಆಪಾದನೆಗೆ ಪುರಾವೆ ಇತ್ತು. ಹೊರಗೇ ಕೂತೆ.