ಗಿರಣಿ ಕಾಕಾನ ಪಾಳಿ ಪುಸ್ತಕ

ನ್ಯಾಯವೇ ಈ ಲೋಕವನ್ನು ಹಿಡಿದು ನಿಲ್ಲಿಸಿರುವ ಕಂಬ ಎಂದು ತಿಳಿದವರು ಹೇಳುತ್ತಾರೆ. ಅವರಲ್ಲಿ ಒಬ್ಬರೂ ಭಾನುವಾರ ಸಂಜೆ ನಾಲ್ಕರ ಮೇಲೆ ಶಹಾಬಾದಿನ ಬಾರಿನ ಮಹಡಿಯಲ್ಲಿ ಮೈಕಿಗಾಗಿ ಕಾದು ಕುಳಿತವರಲ್ಲ ಎಂಬುದು ನನ್ನ ಗುಮಾನಿ.

ನಮ್ಮ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ವಾರ ತಪ್ಪದೆ ಆ ಬಾರಿಗೆ ಹೋಗುತ್ತಾರೆ. ಕುಡಿಯುವುದಿಲ್ಲ. ಹಾಡುವುದೂ ಇಲ್ಲ. ಬಾರಿಗೆ ಹೋಗಿ ಕುಡಿಯದ, ಕರೋಕೆಗೆ ಹೋಗಿ ಹಾಡದ ಮನುಷ್ಯನನ್ನು ನೀವಾದರೂ ಹೇಗೆ ನಂಬುತ್ತೀರಿ? ಅವರ ಹೆಂಡತಿ, ಅಂದರೆ ನಮ್ಮ ಕಾಕು, ಇವತ್ತಿಗೂ ನಂಬಿಲ್ಲ. ಭಾನುವಾರ ಗಂಡ ಹೊಸ್ತಿಲು ದಾಟುವ ಮೊದಲೇ ಬಾಯಿಯ ವಾಸನೆ ನೋಡುತ್ತಾಳೆ. ಬರೀ ಲಿಂಬೆ ಸೋಡಾದ ವಾಸನೆ ಬಂದರೆ ಅವಳ ಸಂಶಯ ಇಮ್ಮಡಿಯಾಗುತ್ತದೆ. "ಕುಡ್ಯೋರು ಕುಡೀಲಿಕ್ಕೆ ಹೋಗ್ತಾರ, ತಿಳೀತದ. ಸೋಡಾ ಕುಡ್ಯೋ ಗಂಡಸು ಬಾರಿಗಿ ಯಾಕ ಹೋಗ್ತಾನ?" ಎಂಬುದು ಅವಳ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನಿದೆ?

ಹಾಗೆ ನೋಡಿದರೆ ಅವರನ್ನು ಮೊದಲು ಅಲ್ಲಿಗೆ ಕಳಿಸಿದವಳು ಕಾಕುವೇ. ಬಾರಿನ ಮಾಲೀಕರು ಮಹಡಿಗೆ ಬೇರೆ ಮೆಟ್ಟಿಲು ಕಟ್ಟಿಸಿ 'ಫ್ಯಾಮಿಲಿ ಹಾಲ್' ಎಂದು ಬೋರ್ಡು ಹಾಕಿದ್ದರು. ಬಹಳ ಕಾಲ ಅಲ್ಲಿ ಒಂದು ಹಲ್ಲಿಯ ಫ್ಯಾಮಿಲಿ ಬಿಟ್ಟರೆ ಬೇರಾರೂ ಹತ್ತಲಿಲ್ಲ. ಕಡೆಗೆ ಮಾಲೀಕರು ದೊಡ್ಡ ಟೀವಿ, ಸ್ಪೀಕರು, ಒಂದು ಮೈಕು ತಂದಿಟ್ಟು ಭಾನುವಾರದ ಕರೋಕೆ ಶುರು ಮಾಡಿದರು. ಟೀವಿಯಲ್ಲಿ ವಾದ್ಯ ನುಡಿಯುತ್ತದೆ, ಅಕ್ಷರ ಓಡುತ್ತದೆ, ಗಂಟಲು ಮಾತ್ರ ನಮ್ಮದು. ವಾಡಿ, ಚಿತ್ತಾಪುರ, ಸೇಡಂ ಕಡೆಯಿಂದ ಗಂಟಲುಗಳು ಪ್ಯಾಸೆಂಜರ್ ರೈಲು ಹತ್ತಿ ಬರತೊಡಗಿದವು. ನಾನೂ ಹೋದೆ. ನಾನು ಕುಡಿಯುತ್ತೇನೋ ಹೇಗೆ ಎಂದು ನೋಡಿ ಬರಲು ಕಾಕು ಗಂಡನನ್ನು ಗೂಢಚಾರನನ್ನಾಗಿ ಕಳಿಸಿದಳು. ಕಾಕಾ ಬಂದು ನೋಡಿದರು. ಮೈಕಿಗಾಗಿ ಆರು ಜನ ಜಗ್ಗಾಡುತ್ತಿದ್ದರು. ಉಪ್ಪಿನಕಾಯಿ ಪ್ಲೇಟು ಸ್ಪೀಕರಿನ ಮೇಲೆ ಬಿದ್ದಿತ್ತು. ಗೂಢಚಾರರ ಕೈ ತುರಿಸಿತು.

ಯಾಕೆಂದರೆ ಕಾಕಾ ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿಯಲ್ಲಿ ಜನ ಕಾಳಿನ ಡಬ್ಬಿಯನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಾರೆ; ಮಾಲೀಕನ ಪರವಾಗಿ ಡಬ್ಬಿಯೇ ನಿಲ್ಲುತ್ತದೆ. ಸಾವ್ಕಾರನ ಡಬ್ಬಿಯಾಗಲಿ, ಕೂಲಿಯವಳ ಡಬ್ಬಿಯಾಗಲಿ, ಕಾಕಾನ ಗಿರಣಿಯಲ್ಲಿ ಒಂದಂಗುಲ ಮುಂದೆ ಸರಿದಿದ್ದಿಲ್ಲ. ಆಮೇಲೆ ಜನ ಪಾಕೀಟು ಹಿಟ್ಟು ಕೊಳ್ಳತೊಡಗಿದರು, ಗಿರಣಿ ಮಾರಿ ಹೋಯಿತು. ಕಾಕಾನ ಕೈಗೆ ಪಾಳಿ ಹಚ್ಚಲು ಏನೂ ಉಳಿಯಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ಪಾಳಿ ಬರೆದು ಬಾಗಿಲಿಗೆ ಅಂಟಿಸಿದರು. ಚಹದ ಕಪ್ಪಿಗೆ ನಂಬರು ಹಾಕಿದರು. ಅದೂ ಆದ ಮೇಲೆ ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದರು. ಆ ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಅಂಥ ಮನುಷ್ಯ ಅಂದು ಮೈಕು ಕಸಿದುಕೊಂಡು, ಮಾಲೀಕರಿಂದ ಒಂದು ಉದ್ದನೆಯ ಪುಸ್ತಕ ಕೇಳಿ ಪಡೆದು, ಸೋಡಾವನ್ನು ತಮ್ಮ ಕಣ್ಣೆದುರೇ ಒಡೆಸಿ, ಮೂಸಿ ನೋಡಿ, ಕುರ್ಚಿಯಲ್ಲಿ ಕುಳಿತರು. ಗಿರಣಿ ಕಾಕಾ ಎಂಬ ಹಳೆಯ ಹೆಸರು ಒಂದೇ ಸಂಜೆಯಲ್ಲಿ ತಿರುಗಿ ಬಂತು.

ಗಿರಣಿಯವನು ಹುಟ್ಟು ಸಂಶಯಿ. ಹಿಟ್ಟು ಉಳಿಸಿಕೊಂಡ ಎಂದು ಊರೆಲ್ಲ ಅವನನ್ನು ಸಂಶಯಿಸುತ್ತದೆಯಲ್ಲ, ಅದನ್ನು ಅವನು ಬಡ್ಡಿ ಸಮೇತ ಹಿಂತಿರುಗಿಸುತ್ತಾನೆ! ಕಾಕಾನ ಸಂಶಯಕ್ಕೆ ಹೆಚ್ಚು ಆಹಾರ ಒದಗಿಸಿದವರು ಸೇಡಂ ಮಾಸ್ತರರು. ನಿವೃತ್ತ ಗಣಿತ ಶಿಕ್ಷಕರು, ಫ್ಯಾಮಿಲಿ ಹಾಲಿನ ಅತ್ಯಂತ ಖಾಯಂ ಗಿರಾಕಿ. ಡಬ್ಬಿಯ ಬದಲು ಏನಾದರೂ ವಸ್ತು ಮೇಜಿನ ಮೇಲೆ ಸಾಲಾಗಿ ಇಡಬೇಕೆಂಬ ನಿಯಮ ಬಂದ ಎರಡನೇ ವಾರ, ಮಾಸ್ತರರ ಹೆಲ್ಮೆಟ್ಟು ಯಾರದೋ ಕೈಯಲ್ಲಿ ರೈಲು ಹತ್ತಿ ಮೂರೂವರೆಗೇ ಬಂದು ಮೊದಲ ಸ್ಥಾನದಲ್ಲಿ ಕುಳಿತಿತು. ತಲೆಯಿಲ್ಲದ ಹೆಲ್ಮೆಟ್ಟು ರೈಲಿನಲ್ಲಿ. ಹೆಲ್ಮೆಟ್ಟಿಲ್ಲದ ತಲೆ ಐದೂವರೆಗೆ ಬೈಕಿನಲ್ಲಿ. "ಮಾಸ್ತರ್ರೆ, ಗಿರಣ್ಯಾಗ ಖಾಲಿ ಡಬ್ಬಿಗಿ ಪಾಳಿ ಇರ್ಲಿಲ್ರಿ" ಎಂದರು ಕಾಕಾ. ಮುಂದಿನ ವಾರ ಹೆಲ್ಮೆಟ್ಟಿನೊಳಗೆ ಹಾಡಿನ ಹೆಸರು ಬರೆದ ಚೀಟಿ ಇತ್ತು. ಕಾಕಾ ಹೆಲ್ಮೆಟ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇದು ಕಾಳಲ್ಲ, ಕಾಳಿನ ಹೆಸರು ಎಂದು ತೀರ್ಪು ಕೊಟ್ಟು ಸಾಲಿನ ತುದಿಗೆ ತಳ್ಳಿದರು.

ಮಾಸ್ತರರು ಸೋಲುವವರಲ್ಲ. ಯುಗಳ ಗೀತೆಗೆ ಇಳಿದರು. ಒಬ್ಬೊಬ್ಬ ಹೆಣ್ಣುಮಗಳ ಜೊತೆ ಒಂದೊಂದು. ಖರ್ಚಾಗುವುದು ಆಕೆಯ ಪಾಳಿ, ಇವರದು ಭದ್ರ. ಒಂದೇ ಸಂಜೆ ನಾಲ್ಕು ಸಲ ಪ್ರೇಮದಲ್ಲಿ ಬಿದ್ದರು. ಕಾಕಾ ಪುಸ್ತಕ ತಿರುವಿ, ಎರಡು ಮನೆಯ ಜೋಳ ಒಂದೇ ಡಬ್ಬಿಯಲ್ಲಿ ಬಂದರೆ ಎರಡೂ ಮನೆಯ ಪಾಳಿ ಮುಗಿಯಿತು ಎಂದು ಬರೆದುಬಿಟ್ಟರು. ಅಂದಿನಿಂದ ಮಾಸ್ತರರು ಯುಗಳ ಗೀತೆಯ ಎರಡೂ ದನಿಯನ್ನು ತಾವೇ ಹಾಡುತ್ತಾರೆ. ನಾಯಕಿಯ ಸಾಲು ಬಂದಾಗ ತುಸು ನಾಚುತ್ತಾರೆ ಕೂಡ.

ಆದರೆ ನಿಜವಾದ ಜಗಳ ಹೊಸಬರದು. ತಾವು ಖಾಯಂ, ಹೊಸಬರು ಒಂದು ವಾರ ಬಂದು ಹೋಗುವವರು, ಅವರು ಕೊನೆಯಲ್ಲಿ ಹಾಡಲಿ ಎಂಬುದು ಹಳಬರ ವಾದ. ಕೊನೆಯಲ್ಲಿ ಎಂದರೆ ಹಳಬರೆಲ್ಲ ರೈಲಿಗೆ ಹೋದ ಮೇಲೆ, ಖಾಲಿ ಕುರ್ಚಿಗಳಿಗೆ. ಕಾಕಾ ಒಪ್ಪಲಿಲ್ಲ. "ಖಾಯಂ ಗಿರಾಕಿ ಅಂತ ಯಾರೂ ಹುಟ್ಟಂಗಿಲ್ರಿ. ಎಲ್ಲಾರೂ ಒಂದಿನ ಹೊಸಬ್ರ" ಎಂದು ಬಂದವರನ್ನು ಬಂದ ಪಾಳಿಗೇ ನಿಲ್ಲಿಸಿದರು.

ಹಾಗೆ ನಿಂತವಳು ಕೊಡ್ಲಿ ಊರಿನ ಹೆಣ್ಣುಮಗಳು, ಬಸ್ ಕಂಡಕ್ಟರ್. ಅವಳ ಪಾಳಿ ಬಂದದ್ದು ವಾಡಿಯ ಟೇಲರ್ ಸಾಹೇಬರ ನಂತರ. ಟೇಲರ್ ಸಾಹೇಬರ ಕಂಠಕ್ಕೆ ಕೆಳಗಿನ ಬಾರಿನಲ್ಲಿ ಕುಡಿಯುವವರೂ ಗ್ಲಾಸು ಕೆಳಗಿಡುತ್ತಾರೆ. ಸೀಟಿ, ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಇವಳ ಕೈಗೆ ಮೈಕು ಬಂತು. ದಿನವಿಡೀ ಅರವತ್ತು ಜನರ ಮೇಲೆ ಕೂಗಿ ಬಸ್ಸು ನಡೆಸುವವಳು, ಬೆವರಿಬಿಟ್ಟಳು. ವಾದ್ಯ ನುಡಿಯಿತು, ಅಕ್ಷರ ಓಡಿತು, ಹಾಡು ಪೂರ್ತಿ ಮುಗಿಯಿತು. ಅವಳ ಬಾಯಿ ತೆರೆಯಲಿಲ್ಲ. ಮೈಕನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಯಾರೋ ನಕ್ಕರು. ಕಾಕಾ ಪೆನ್ನಿನ ಮುಚ್ಚಳ ಹಾಕಿ ಬಹಳ ಹೊತ್ತು ಮೆಟ್ಟಿಲ ಕಡೆ ನೋಡುತ್ತಿದ್ದರು.

ಮುಂದಿನ ವಾರದಿಂದ ನನ್ನ ಅದೃಷ್ಟ ತೆರೆಯಿತು. ನಾನು ಯಾವಾಗ ಹೋಗಲಿ, ಏನೇ ಇಡಲಿ, ನನ್ನ ಹೆಸರು ಆರನೆಯದಾಗಿ ಇರುತ್ತಿತ್ತು. ಆರನೆಯದು ರಾಜಪಾಳಿ. ಹಾಲ್ ಜನರಿಂದ ತುಂಬಿರುತ್ತದೆ, ಮಂಚೂರಿ ಬಿಸಿ ಇರುತ್ತದೆ, ಯಾರಿಗೂ ಇನ್ನೂ ರೈಲಿನ ನೆನಪಾಗಿರುವುದಿಲ್ಲ. ನನ್ನ ನಂತರ ಏಳು, ಎಂಟರಲ್ಲಿ ಹೊಸಬರು. ನನ್ನನ್ನು ನೋಡಿ ಅವರು ಕಲಿಯಲಿ ಎಂಬುದು ಕಾಕಾನ ಉದ್ದೇಶ ಎಂದು ನಾನು ಊಹಿಸಿದೆ. ಊಹೆಗೆ ಸಾಕ್ಷಿಯೂ ಇತ್ತು. ಹೊಸಬರು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದು, "ನಿಮ್ಮ ಹಾಡ ಕೇಳಿ ಭಾಳ ಧೈರ್ಯ ಬಂತ್ರಿ" ಎನ್ನುತ್ತಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ಇಂಥ ಮನ್ನಣೆ ಎಷ್ಟು ಗುಮಾಸ್ತರಿಗೆ ದೊರೆಯುತ್ತದೆ? ನಾನು ಒಂದು ಕರಿ ಜಾಕೀಟು ಹೊಲಿಸಿದೆ. ಟೇಲರ್ ಸಾಹೇಬರೇ ಹೊಲಿದರು. ಅಳತೆ ತೆಗೆಯುವಾಗ ಅವರು ನನ್ನ ಮುಖ ನೋಡಲಿಲ್ಲ, ಅಸೂಯೆ ಎಂದುಕೊಂಡೆ.

ಎರಡು ತಿಂಗಳಿಗೆ ಮಾಸ್ತರರ ಲೆಕ್ಕ ಮುಗಿಯಿತು. ಪಾಳಿ ಪುಸ್ತಕವನ್ನು ಮೊಬೈಲಿನಲ್ಲಿ ಫೋಟೋ ಹಿಡಿದು, ಕೋಷ್ಟಕ ಹಾಕಿ, ಆರನೆಯ ಪಾಳಿ ಪ್ರತಿ ವಾರ ಅಣ್ಣನ ಮಗನಿಗೇ ಎಂದು ಸಾಬೀತುಪಡಿಸಿದ್ದರು. ಬರುವ ಭಾನುವಾರ ಎಲ್ಲರೆದುರು ವಿಚಾರಣೆ. ಸ್ವಜನ ಪಕ್ಷಪಾತ ಖಚಿತವಾದರೆ ಪುಸ್ತಕ ಕಸಿದುಕೊಂಡು, ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುವುದು. ಮಾಲೀಕರೂ ಒಪ್ಪಿದ್ದರು.

ನಾನು ಕಾಕಾನ ಮನೆಗೆ ಓಡಿದೆ. ಕಾರಣ ಏನಿದ್ದರೂ ಹೇಳಿಬಿಡಿ, ಪ್ರತಿಭೆ ನೋಡಿ ಕೊಟ್ಟೆ ಎಂದರೆ ಯಾರು ಅಲ್ಲಗಳೆಯುತ್ತಾರೆ ಎಂದೆ. ಕಾಕಾ ನನ್ನನ್ನು ಒಂದು ಥರ ನೋಡಿದರು.

"ಕಾರಣ ಹೇಳಂಗಿಲ್ಲ, ತಮ್ಮಾ. ಪುಸ್ತಕ ಕೊಟ್ಟ್ ಬಿಡ್ತೀನಿ."

"ಕೊಟ್ಟು ಏನ್ ಮಾಡ್ತೀರಿ?"

 ಕಾಕು ಅಡುಗೆಮನೆಯಿಂದ, ಕಾಕಾ ಆರು ತಿಂಗಳು ಮುಖ ಮಾಡಿ ಮಲಗಿದ್ದ ಗೋಡೆಯ ಕಡೆ ಕಣ್ಣು ಮಾಡಿ ತೋರಿಸಿದಳು.

ಭಾನುವಾರ ಬಂತು. ಕೊಡ್ಲಿಯ ಕಂಡಕ್ಟರ್ ಅಂದು ಮತ್ತೆ ಬಂದಿದ್ದಳು! ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಳು, ಮಡಿಲಲ್ಲಿ ಕೈ ಹೊಸೆಯುತ್ತ. ನನ್ನ ಗುರುತು ಅವಳಿಗಿರಲಿಲ್ಲ. ಹೇಗೆ ಬಂದಿರಿ ಎಂದು ಕೇಳಿದೆ. ಕಾಕಾ ಅವಳ ಬಸ್ಸು ಹುಡುಕಿ ಹತ್ತಿ, ಟಿಕೆಟ್ ತೆಗೆಸಿ, ಇನ್ನೊಂದು ಸಲ ಬರಲೇಬೇಕೆಂದು ಕೇಳಿಕೊಂಡರಂತೆ.

"ನನಗ ಆಗಂಗಿಲ್ರಿ ಅಜ್ಜಾರೆ ಅಂದೆ. ಅದಕ್ಕ ಅವರು, ನಮ್ಮ ಹುಡುಗ ಒಬ್ಬ ಅದಾನ, ಅವನ ಹಿಂದ ಪಾಳಿ ಕೊಡ್ತೀನಿ, ಅಂವ ಹಾಡಿದ ಮ್ಯಾಲ ಯಾರು ಹಾಡಿದ್ರೂ ಛಂದ ಕೇಳಸ್ತದ ಅಂದ್ರು" ಎಂದಳು. ಆಮೇಲೆ ಹಾಲಿನ ಸುತ್ತ ಕಣ್ಣಾಡಿಸಿ ಕೇಳಿದಳು, "ಆ ಹುಡುಗ ಯಾರಿರಬೇಕ್ರಿ?"

ನಾನು ಜಾಕೀಟಿನ ಗುಂಡಿ ಬಿಚ್ಚಿದೆ. ಸೆಖೆ ಬಹಳ ಇತ್ತು.

ವಿಚಾರಣೆ ಶುರುವಾಯಿತು. ಮಾಸ್ತರರು ಕೋಷ್ಟಕ ಓದಿದರು. ಆರು, ಆರು, ಆರು. ಕಾರಣ ಕೇಳಿದರು.  ಎರಡನೆಯ ಸಲ ಕೇಳಿದರು. ಕಾಕಾ ಎದ್ದು, ಪುಸ್ತಕ ಮುಚ್ಚಿ, ಅದರ ಮೇಲೆ ಪೆನ್ನಿಟ್ಟು, ಎರಡೂ ಕೈಯಿಂದ ಮೇಜಿನ ಆಚೆ ಸರಿಸಿದರು. ನನ್ನ ಕಡೆ ತಿರುಗಲೇ ಇಲ್ಲ. ನಲವತ್ತು ವರ್ಷ ಯಾರಿಗೂ ಒಂದಂಗುಲ ಬಿಟ್ಟುಕೊಡದ ಮನುಷ್ಯ, ನನ್ನನ್ನು ಎಲ್ಲರೆದುರು ಒಂದು ಮಾತು ಅನ್ನಲಾರದೆ ಎಲ್ಲವನ್ನೂ ಬಿಟ್ಟು ನಿಂತಿದ್ದರು.

ನಾನು ಎದ್ದೆ.

"ಮಾಸ್ತರ್ರೆ, ನಾ ಭಾಳ ಕೆಟ್ಟ ಹಾಡ್ತೀನ್ರಿ. ನನ್ನ ಹಿಂದ ನಿಂತ್ರ ಹೊಸಬ್ರಿಗಿ ಅಂಜಿಕಿ ಇರಂಗಿಲ್ಲ. ಅದಕ್ಕ ಕಾಕಾ ನನ್ನ ಅಲ್ಲಿ ಹಚ್ಚ್ಯಾರ. ಇದು ಪಕ್ಷಪಾತ ಅಲ್ರಿ."

ಹಾಲಿನಲ್ಲಿ ಸುಮಾರು ನಲವತ್ತು ಜನರಿದ್ದರು. 'ಛೇ, ಹಂಗೇನಿಲ್ಲ' ಎನ್ನಬಹುದಾದವರು ನಲವತ್ತು ಜನ. ನಾನು ಸಾಕಷ್ಟು ಸಮಯ ಕೊಟ್ಟೆ. ಕೊನೆಗೆ ಟೇಲರ್ ಸಾಹೇಬರು ಎದ್ದು, ಎದೆಯ ಮೇಲೆ ಕೈಯಿಟ್ಟು, ಅತ್ಯಂತ ಮೃದುವಾಗಿ, "ಈ ಮಾತು ಖರೇ ಅದ" ಎಂದರು. ಮಾಸ್ತರರು ಕೋಷ್ಟಕವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ಉತ್ತರ ತಾಳೆಯಾದವರ ಕಳೆ ಮುಖದಲ್ಲಿ ಮೂಡಿತು. ಪುಸ್ತಕವನ್ನು ತಿರುಗಿ ಕಾಕಾನ ಮುಂದೆ ಸರಿಸಿದರು.

ಕಾಕಾ ನನ್ನನ್ನು ಹತ್ತಿರ ಕರೆದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ, ಬೇರೆ ಯಾರಿಗೂ ಕೇಳದಂತೆ, "ಅಷ್ಟೇನ್ ಕೆಟ್ಟ ಹಾಡಂಗಿಲ್ಲ ನೀ" ಎಂದರು. ನನಗೆ ತಿಳಿದಂತೆ ಅವರು ಆಡಿದ ಸುಳ್ಳು ಇದೊಂದೇ.

ಅಂದು ನಾನು ಆರನೆಯವನಾಗಿ ಹಾಡಿದೆ. ಕೊಡ್ಲಿಯ ಕಂಡಕ್ಟರ್ ಏಳನೆಯವಳಾಗಿ ಹಾಡಿದಳು. ಹಾಡನ್ನು ಕೊನೆಯವರೆಗೂ ಹಾಡಿದಳು.